ಹಿಂದಿನ ಗೇಟಿನ ಗಾಜಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಪರಾಧ ಪ್ರಯೋಗಾಲಯದ ಮುಂದಿನ ಗೇಟಿನ ಬೆಂಚಿನ ಮೇಲೆ ಹೆಂಗಸೊಬ್ಬಳು ಚೀಲ ಅವುಚಿಕೊಂಡು ಕೂತಿದ್ದಾಳೆ. ಪತ್ರಿಕೆಗೆ ಬರೆಯಲೆಂದು ನಾನು ಕಾಣಲು ಬಂದವರು ಮಾತ್ರ ಕಟ್ಟಡ ಸುತ್ತಿ, ಕಸದ ಡಬ್ಬಿಗಳನ್ನು ದಾಟಿ, ಹಿಂದಿನ ಗೇಟಿನಿಂದ ಒಳಗೆ ಬರುತ್ತಾರೆ. ದಿನವೂ ಹೀಗೇ. ಇಲ್ಲಿ ಎಲ್ಲರೂ ಅವರನ್ನು ಗಾಜಕ್ಕ ಎನ್ನುತ್ತಾರೆ.

ಬಂದವರೇ ಟ್ಯೂಬ್‌ಲೈಟ್ ಆರಿಸುತ್ತಾರೆ. ಪೂರ್ವದಿಂದ ಓರೆಯಾಗಿ ಬೀಳುವ ಬಿಸಿಲೇ ಅವರಿಗೆ ಬೇಕು. ಮೇಜಿನ ಮೇಲೆ ಯಾರದೋ ಅಡುಗೆಮನೆಯ ಕಿಟಕಿ ಮಲಗಿದೆ. ಪೊಲೀಸರು ಚೀಲದಲ್ಲಿ ತಂದ ಚೂರುಗಳನ್ನು ಅಂಚಿಗೆ ಅಂಚು ಕೂಡಿಸಿ, ವಾರವಿಡೀ ಕೂತು ಮತ್ತೆ ಕಟ್ಟಿದ ಕಿಟಕಿ. ಉಳಿದಿರುವುದು ಒಂದೇ ಪ್ರಶ್ನೆ: ಏಟು ಬಿದ್ದದ್ದು ಹೊರಗಿನಿಂದಲೋ, ಒಳಗಿನಿಂದಲೋ? ವರದಿ ಇವತ್ತೇ ಕೋರ್ಟಿಗೆ ಹೋಗಬೇಕು.

ಅದು ಯಾರ ಕಿಟಕಿ ಎಂದು ಗಾಜಕ್ಕನಿಗೆ ಗೊತ್ತಿಲ್ಲ. ನನಗೆ ಗೊತ್ತು; ಪ್ರಯೋಗಾಲಯದ ಮೇಲಧಿಕಾರಿ ನಿನ್ನೆ ಹೇಳಿ, ಬಾಯಿ ಬಿಡಬೇಡಿ ಎಂದೂ ಎಚ್ಚರಿಸಿದ್ದಾರೆ. ಕಳ್ಳ ಹೊರಗಿನಿಂದ ಗಾಜು ಒಡೆದು ನುಗ್ಗಿ ಒಡವೆ ಕದ್ದ ಎಂಬುದು ಮನೆಯೊಡೆಯನ ದೂರು. ಹಿಂದಿನ ದಿನ ಆ ಮನೆಗೆ ನಲ್ಲಿ ರಿಪೇರಿಗೆ ಹೋಗಿದ್ದವನು ಈಗ ಜೈಲಿನಲ್ಲಿದ್ದಾನೆ. ಬೆಂಚಿನ ಮೇಲಿರುವವಳು ಅವನ ಹೆಂಡತಿ. ಗಾಜು ಒಳಗಿನಿಂದ ಒಡೆದಿದ್ದರೆ ದೂರೇ ಕುಸಿಯುತ್ತದೆ. ಇದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂರುವುದು ನನಗಂತೂ ಹಿಂಸೆ.

"ಕಥೆ ಕೇಳಿದ್ರೆ ಕಣ್ಣು ಆ ಕಡೆ ವಾಲುತ್ತೆ ಸಾರ್," ಎನ್ನುತ್ತಾರೆ ಗಾಜಕ್ಕ. "ಮುಂದಿನ ಗೇಟಲ್ಲಿ ಯಾವಾಗ್ಲೂ ಯಾರಾದ್ರೂ ಕೂತಿರ್ತಾರೆ. ಮುಖ ನೋಡಿದ್ರೆ ಮುಗೀತು. ಅದಕ್ಕೇ ಈ ಸುತ್ತು."

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವರ ಮಗಳು ಇವರು. ರಸಾಯನಶಾಸ್ತ್ರ ಓದಿ ಇಲ್ಲಿ ಸೇರಿದವರು. ಬೆರಳ ತುಂಬ ಹಳೆಯ ಗೀರುಗಳು. ಗಾಜಕ್ಕನ ಮಗಳ ಗೋಳು ಬೇರೆ. "ನಮ್ಮನೇಲಿ ಲೋಟ ಒಡೆದ್ರೆ ತಪ್ಪು ಬೆಕ್ಕಿನ ಮೇಲೆ ಹಾಕೋ ಹಾಗೇ ಇಲ್ಲ. ಅಮ್ಮ ಚೂರು ಎತ್ತಿ ಬೆಳಕಿಗೆ ಹಿಡೀತಾಳೆ!" ಎಂದು ಫೋನಿನಲ್ಲಿ ನಗುತ್ತಾಳೆ.

ಬಿಸಿಲು ಮೇಜಿಗೆ ಬರುತ್ತದೆ. ಏಟು ಬಿದ್ದ ತೂತಿನ ಪಕ್ಕದ ಚೂರನ್ನು ಗಾಜಕ್ಕ ಎತ್ತುತ್ತಾರೆ. ಒಲೆಯ ಜಿಡ್ಡು ಹಿಡಿದದ್ದು ಒಳಮೈ, ಮಳೆಯ ಕಲೆ ಇರುವುದು ಹೊರಮೈ. ತೂತಿನಿಂದ ಹೊರಟ ಬಿರುಕಿನ ಅಂಚಿನಲ್ಲಿ ಕೂದಲೆಳೆಯಂಥ ಬಾಗುಗೆರೆಗಳಿವೆ. ಏಟು ಬಿದ್ದ ಮೈಯತ್ತ ಅವು ವಾಲುತ್ತವೆ, ಎದುರು ಮೈಗೆ ನೆಟ್ಟಗೆ ನಿಲ್ಲುತ್ತವೆ.

"ನೆಟ್ಟಗಿರೋದು ಹೊರಮೈಗೆ," ಎನ್ನುತ್ತಾರೆ.

"ಹಾಗಾದ್ರೆ ಒಳಗಿಂದ್ಲೇ!" ನನ್ನ ಬಾಯಿ ಜಾರಿಯೇ ಬಿಡುತ್ತದೆ.

ಗಾಜಕ್ಕ ಕತ್ತೆತ್ತಿ ದಿಟ್ಟಿಸುತ್ತಾರೆ. "ನಿಮಗ್ಯಾಕೆ ಅಷ್ಟೊಂದು ಖುಷಿ?"

ಅವರು ಚೂರನ್ನು ಇದ್ದಲ್ಲೇ ಇಟ್ಟು, ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆಯುತ್ತಾರೆ. "ಬಾರಪ್ಪ, ಎಲ್ಲಾನೂ ಮೊದಲಿಂದ ನೀನೇ ನೋಡು. ಇವರ ಮುಖ ನೋಡಿಬಿಟ್ಟೆ. ಇನ್ನು ನನ್ನೊಬ್ಬಳ ಕಣ್ಣು ಸಾಲದು."

ನನ್ನನ್ನು ಹೊರಗೆ ಕಳಿಸುತ್ತಾರೆ. ತಪ್ಪು ನನ್ನದೇ. ಆತ ಬೇರೆ ಏನಾದರೂ ಹೇಳಿದರೆ, ವರದಿ ಇವತ್ತು ಹೋಗದಿದ್ದರೆ, ಆ ಬೆಂಚಿನವಳಿಗೆ ನಾನು ಯಾವ ಮುಖ ತೋರಿಸಲಿ? ಕಾರಿಡಾರಿನಲ್ಲಿ ಶತಪಥ ತಿರುಗುತ್ತೇನೆ.

ಬಾಗಿಲು ತೆರೆಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿದೆ. ಸಹೋದ್ಯೋಗಿ ಒಂದೊಂದೇ ಚೂರು ಎತ್ತಿ ನೋಡಿ ಮುಗಿಸಿದ್ದಾರೆ. "ಒಳಗಿಂದ್ಲೇ ಅಕ್ಕ. ಅನುಮಾನವೇ ಇಲ್ಲ." ಇಬ್ಬರೂ ಸಹಿ ಹಾಕುತ್ತಾರೆ. ವರದಿ ಕೋರ್ಟಿಗೆ ಹೊರಡುತ್ತದೆ.

ಗಾಜಕ್ಕ ಆಗಲೂ ಯಾರ ಕೇಸು ಎಂದು ಕೇಳುವುದಿಲ್ಲ. ಊಟದ ಡಬ್ಬಿ ಹಿಡಿದು ಹಿಂದಿನ ಅಂಗಳಕ್ಕೆ ನಡೆಯುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ರಿಟೈರಾದ ಮಾರನೇ ದಿನ ಮುಂದಿನ ಗೇಟಿಗೆ ಬರ್ತೀನಿ. ಆ ಬೆಂಚಲ್ಲಿ ಯಾರು ಕೂತಿರ್ತಾರೋ, ಅವರ ಪಕ್ಕ ಕೂತು, 'ಏನಾಯ್ತಮ್ಮ, ಹೇಳು' ಅಂತೀನಿ. ಇಷ್ಟು ವರ್ಷ ಒಬ್ಬರ ಕಥೇನೂ ಕೇಳಿಲ್ಲ ನೋಡಿ."