ಮಹಡಿ ಹತ್ತಿದ ಗೌರಿ

ಸಿವಿಲ್ ಇಂಜಿನಿಯರಿಂಗ್ ಮುಗಿಸಿದ ಸುಮನಾಳಿಗೆ ಮೊದಲು ಸಿಕ್ಕಿದ್ದು ಕಟ್ಟುವ ಕೆಲಸವಲ್ಲ, ಒಡೆಯುವ ಕೆಲಸ. ಮಾಚೇನಹಳ್ಳಿಯ ಒಂದು ಲ್ಯಾಬಿನಲ್ಲಿ ಕಾಂಕ್ರೀಟ್ ಕ್ಯೂಬುಗಳನ್ನು ಯಂತ್ರಕ್ಕೆ ಕೊಟ್ಟು, ಎಷ್ಟು ಭಾರಕ್ಕೆ ಪುಡಿಯಾಗುತ್ತವೆ ಎಂದು ನೋಡಬೇಕಿತ್ತು. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳಮ್ಮ ಶಕುಂತಲಮ್ಮ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದರು. ಒಡೆದೂ ಒಡೆದೂ ಬೇಸತ್ತ ಸುಮನಾ ಕೆಲಸ ಬಿಟ್ಟು, ವಿನೋಬನಗರದಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲೊಂದು ಕೋಣೆ ಹಿಡಿದು ಇಂಜಿನಿಯರ್ ಎಂದು ಬೋರ್ಡ್ ಹಾಕಿದಳು. ಬಂದವರಲ್ಲಿ ಮುಕ್ಕಾಲು ಪಾಲು ಜನ ಕೆನ್ನೆ ಹಿಡಿದುಕೊಂಡೇ ಬಂದರು.

ಅಂತೂ ಭದ್ರಾವತಿಯ ಮೂರ್ತಪ್ಪ ಅವಳ ಕೈಲಿ ಮನೆ ಕಟ್ಟಿಸಿದರು. ಕೆಳಗೆ ಕಾರು ನಿಲ್ಲಲು ಜಾಗ, ಮೇಲೆ ಮನೆ. ಗೃಹಪ್ರವೇಶಕ್ಕೆ ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿ ಓಂಕಾರಪ್ಪ ಹೆಂಡತಿ ಬಸವರಾಜೇಶ್ವರಿಯೊಡನೆ ಬರುವವರಿದ್ದರು. ಮೆಚ್ಚಿಗೆಯಾದರೆ ತಮ್ಮ ಮನೆಯನ್ನೂ ಸುಮನಾಳಿಗೇ ಕೊಡುತ್ತೇವೆಂದಿದ್ದರು. ಇಲ್ಲದಿದ್ದರೆ ಅವಳು ಬೋರ್ಡ್ ಇಳಿಸಿ ಮತ್ತೆ ಕ್ಯೂಬ್ ಒಡೆಯಲು ಹೋಗಬೇಕಿತ್ತು.

ಗೃಹಪ್ರವೇಶ ಎಂದಮೇಲೆ ಮೊದಲು ಹಸು ಒಳಗೆ ಬರಬೇಕಲ್ಲ! ಗೌರಿ ಎಂಬ ದಷ್ಟಪುಷ್ಟ ಹಸು ಸಲೀಸಾಗಿ ಮೆಟ್ಟಿಲು ಹತ್ತಿ, ಹೊಸ ಟೈಲ್ಸಿನ ಮೇಲೆ ಧಾರಾಳವಾಗಿ ಸಗಣಿ ಹಾಕಿತು. ಮೂರ್ತಪ್ಪನ ಹೆಂಡತಿ ಪದ್ಮಮ್ಮ ಶುಭವಾಯಿತೆಂದು ಕೈಮುಗಿದರು. ಪೂಜೆ ಮುಗಿದು ಊಟದ ಹೊತ್ತಾಯಿತು. ಗೌರಿ ಮೆಟ್ಟಿಲಿನ ಬಾಯಿಗೆ ಬಂದು, ಕೆಳಗೊಮ್ಮೆ ಇಣುಕಿ, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಹಸು ಮೆಟ್ಟಿಲು ಹತ್ತುತ್ತದೆ, ಇಳಿಯಲು ಹೆದರುತ್ತದೆ ಎಂಬುದನ್ನು ಕಾಲೇಜಿನಲ್ಲಿ ಯಾವ ಪುಣ್ಯಾತ್ಮನೂ ಸುಮನಾಳಿಗೆ ಹೇಳಿಕೊಟ್ಟಿರಲಿಲ್ಲ.

ಊಟದೆಲೆ ಕೆಳಗೆ, ಅರ್ಧ ನೆಂಟರು ಮೇಲೆ, ನಡುವೆ ಗೌರಿ.

"ಕ್ರೇನ್ ತರ್ಸಿ ಮಾರಾಯ್ರೆ, ಫ್ಯಾಕ್ಟರೀಲಿ ಇದಕ್ಕಿಂತ ದೊಡ್ಡದ್ದನ್ನೆಲ್ಲ ಇಳಿಸಿದೀನಿ," ಎಂದರು ಮೂರ್ತಪ್ಪನ ಭಾವ ಶ್ರೀನಿವಾಸಮೂರ್ತಿ. ಇನ್ಯಾರೋ ಹಸುವಿನ ಕಣ್ಣಿಗೆ ಶಲ್ಯ ಕಟ್ಟಲು ಹೋದರು. ಗೌರಿ ಶಲ್ಯವನ್ನೇ ಜಗಿಯತೊಡಗಿತು.

"ಏನಮ್ಮ ಇಂಜಿನಿಯರ್, ಹತ್ತೋಕೆ ಮಾತ್ರ ಪ್ಲಾನ್ ಮಾಡಿದ್ಯಾ?" ಎಂದು ಓಂಕಾರಪ್ಪ ಕೆಳಗಿನಿಂದ ಕೂಗಿದರು.

ಸುಮನಾಳಿಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ರೇಷ್ಮೆ ಸೀರೆ ಎತ್ತಿ ಕಟ್ಟಿ, ಹಸುವಿನ ಪಕ್ಕದಲ್ಲಿ ಗೋಡೆಗೆ ಒತ್ತಿಕೊಂಡು ನುಸುಳಿ ಇಳಿದಳು. ಕಟ್ಟುತ್ತಿದ್ದ ಪಕ್ಕದ ಮನೆಯಿಂದ ಸೆಂಟ್ರಿಂಗ್ ಹಲಗೆ, ಮರಳಿನ ಚೀಲ ತರಿಸಿದಳು. ಚೀಲ ಒಟ್ಟಿಸಿ, ಮೆಟ್ಟಿಲು ಮುಚ್ಚುವಂತೆ ಹಲಗೆ ಹಾಸಿಸಿ, ಕಾಲು ಜಾರದಿರಲೆಂದು ಗೋಣಿತಾಟು ಹೊದಿಸಿದಳು. ಪಾಯಸ ಆರಿತು, ನೆಂಟರು ಮುನಿದರು. ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಇಳಿಜಾರು ಕಡಿದಾಯಿತೆಂದು ಒಮ್ಮೆ ಬಿಚ್ಚಿಸಿ, ಇನ್ನೂ ಉದ್ದಕ್ಕೆ ಅಂಗಳದವರೆಗೂ ಎಳೆಸಿದಳು.

ಗೌರಿ ಒಂದು ಕಾಲಿಟ್ಟಿತು. ಮೂಸಿತು. ಆಮೇಲೆ ಮದುವಣಗಿತ್ತಿಯ ಹಾಗೆ ತಲೆ ಬಗ್ಗಿಸಿ ನಿಧಾನವಾಗಿ ಇಳಿದು, ನೇರವಾಗಿ ಊಟದ ಸಾಲಿಗೆ ನುಗ್ಗಿ ಓಂಕಾರಪ್ಪನ ಮುಂದಿದ್ದ ಬಾಳೆಲೆಯನ್ನು ಹೋಳಿಗೆಯ ಸಮೇತ ತಿಂದುಹಾಕಿತು.

ಸುಮನಾ ಕಣ್ಣು ಮುಚ್ಚಿಕೊಂಡಳು. ಕೆಲಸ ಕೈತಪ್ಪಿತು ಎಂದುಕೊಂಡು, "ಹಲಗೆ ತೆಗೀರಪ್ಪ," ಎಂದಳು.

"ಏಯ್, ತೆಗೀಬೇಡ್ರೋ!" ಎಂದು ಮೇಲಿನಿಂದ ದನಿ ಬಂತು.

ಬಸವರಾಜೇಶ್ವರಿ ಗೋಡೆ ಹಿಡಿದು ನಿಂತಿದ್ದರು. "ಹೆಂಗೋ ಹತ್ತಿಬಿಟ್ಟೆ. ಮಂಡಿನೋವು, ಇಳಿಯೋಕೆ ಆಗ್ತಿಲ್ಲ. ಹೇಳಿದ್ರೆ ನಗ್ತಾರೆ ಅಂತ ಹಸೂನೇ ನೆವ ಮಾಡ್ಕಂಡು ನಿಂತಿದ್ದೆ. ಕೈ ಕೊಡು ಮಗಳೇ."

ಸುಮನಾ ಓಡಿ ಹತ್ತಿ ಅವರ ಕೈ ಹಿಡಿದಳು. ಗೌರಿ ಬಂದ ದಾರಿಯಲ್ಲೇ ಇಬ್ಬರೂ ಮೆಲ್ಲಗೆ ಇಳಿದರು. ಓಂಕಾರಪ್ಪ ಬರಿಯ ನೆಲದ ಮುಂದೆ ಕೂತು ನೋಡುತ್ತಿದ್ದರು.

"ನೋಡ್ರಿ, ನಮ್ಮನೆ ಇವಳೇ ಕಟ್ತಾಳೆ," ಎಂದರು ಬಸವರಾಜೇಶ್ವರಿ. "ನಿಮಗೆ ಮೆಟ್ಟಿಲು ಬೇಕಿದ್ರೆ ಬೇರೆ ಕಡೆ ಮಾಡಿಸ್ಕಳಿ."