ಹೊರಿಸದ ಕೈ

ಬೆಳಕು ಹರಿಯುವ ಮೊದಲೇ ಗೆಡ್ಡೆ ಮಂಡಿಯ ಹಿಂಬದಿಯ ಜಗಲಿಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದಾರೆ. ನಮಾಜು ಮುಗಿಸಿ ಬಂದವರು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡವರು, ಇನ್ನೂ ಆಕಳಿಸುತ್ತಿರುವವರು. ಪ್ರತಿಯೊಬ್ಬರ ಪಕ್ಕದಲ್ಲೂ ಅಗಲವಾದ ಅಲ್ಯೂಮಿನಿಯಂ ಬೋಗುಣಿ, ಅದರೊಳಗೆ ಹಳೆ ಬಟ್ಟೆಯ ಸಿಂಬಿ. ಅವರ ಬೆನ್ನ ಹಿಂದೆ ಮೊಣಕಾಲೂರಿ ಕೂತ ಸಮಾತಾ ಇದ್ರಿಸು ಅಂಗೈಯಲ್ಲಿ ಶಿಯಾ ಮರದ ಬೀಜದ ಬೆಣ್ಣೆಯನ್ನು ಬಿಸಿಯಾಗುವವರೆಗೆ ಉಜ್ಜುತ್ತಾರೆ. ಆಮೇಲೆ ಅವರ ಹೆಬ್ಬೆರಳು ಒಬ್ಬೊಬ್ಬರ ಕುತ್ತಿಗೆಯ ಮೇಲೆ, ತಲೆಬುರುಡೆಯ ಬುಡದಿಂದ ಭುಜದವರೆಗೆ ನಿಧಾನವಾಗಿ ಇಳಿಯುತ್ತದೆ.

"ಅವ್ವಾ, ಮೆಲ್ಲಗೆ! ಅದು ಕುತ್ತಿಗೆ, ಗೆಡ್ಡೆ ಅಲ್ಲ."

"ಗೆಡ್ಡೆ ಆಗಿದ್ರೆ ಇಷ್ಟೊತ್ತಿಗೆ ಮಾರಿ ಮನೆ ಸೇರ್ತಿದ್ದೆ. ಸುಮ್ನೆ ತಲೆ ಬಗ್ಸು."

ಸಾಲು ನಗುತ್ತದೆ.

ರಾಜಧಾನಿ ಅಕ್ರಾದ ಮಾರುಕಟ್ಟೆಗಳಲ್ಲಿ ಇವರ ಹೆಸರು ಕಾಯಾಯೊ, ತಲೆಹೊರೆಯ ಹೆಂಗಸರು. ಹೆಚ್ಚಿನವರು ಉತ್ತರದ ಒಣಸೀಮೆಯಿಂದ, ಯೆಂಡಿ, ಸವೆಲುಗು ಕಡೆಯ ಹಳ್ಳಿಗಳಿಂದ ಬಂದವರು. ರಾತ್ರಿ ಲಾರಿಯಲ್ಲಿ ಬರುವ ಯಾಮ್ ಗೆಡ್ಡೆಯನ್ನು ಬೆಳಗಿನಿಂದ ಕತ್ತಲಾಗುವವರೆಗೆ ಅಂಗಡಿಯಿಂದ ಅಂಗಡಿಗೆ, ಅಂಗಡಿಯಿಂದ ಬಸ್ಸಿಗೆ ತಲೆಯ ಮೇಲೆ ಸಾಗಿಸುತ್ತಾರೆ. ಒಂದು ಬೋಗುಣಿ ತುಂಬಿದರೆ ಹೊರುವವಳಷ್ಟೇ ತೂಗುತ್ತದೆ. ಸಂಜೆಗೆ ನೋವು ಮರೆಯಲು ಕೆಲವರು ಮಾತ್ರೆ ನುಂಗುತ್ತಾರೆ. ಮರುದಿನ ಇನ್ನೂ ಹೆಚ್ಚು ಹೊರುತ್ತಾರೆ.

ಸಮಾತಾ ಕೂಡ ಹೊತ್ತವರೇ. ಈಗ ಐವತ್ತರ ಆಸುಪಾಸು. ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ; ಎಡಗಡೆಯಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ಹೊಟ್ಟೆಯಲ್ಲಿ ಮಗುವಿದ್ದಾಗ ಒಂದು ದಿನ ತಲೆ ಸುತ್ತುತ್ತಿದ್ದರೂ ಬೋಗುಣಿ ತುಂಬಿಸಿಕೊಂಡು, ಹೊರಿಸಿ ಎಂದು ಗೆಳತಿಯರನ್ನು ಕರೆದರು. ಅವರು ಹೊರಿಸಿದರು. ದಾರಿಯಲ್ಲಿ ಸಮಾತಾ ಬಿದ್ದರು. ಮಗು ಉಳಿಯಲಿಲ್ಲ.

"ಅವರ ತಪ್ಪೇನಿಲ್ಲ," ಎನ್ನುತ್ತಾರೆ ಸಮಾತಾ. "ನಮ್ಮ ಕಡೆ ಹೊರಿಸು ಅಂತ ಒಬ್ಳು ಕೇಳಿದ್ರೆ ಆಗಲ್ಲ ಅನ್ನೋ ಹಾಗಿಲ್ಲ. ಬಾವಿ ಹತ್ರ ಜಗಳ ಆಡ್ಕೊಂಡು ಮಾತು ಬಿಟ್ಟೋಳಾದ್ರೂ ಬಂದು ನೀರಿನ ಕೊಡಕ್ಕೆ ಕೈ ಹಾಕ್ತಾಳೆ. ಹಾಕ್ದೇ ಹೋದ್ರೆ ಊರೆಲ್ಲ ಅವಳನ್ನ ಆಡ್ಕೊಳ್ಳುತ್ತೆ. ಅವತ್ತು ಒಬ್ಳಾದ್ರೂ ಮರ್ಯಾದೆ ಬಿಟ್ಟು ಹೊರಿಸಲ್ಲ ಅಂದಿದ್ರೆ ನಾನು ಕೂತ್ಕೊಂಡಿರ್ತಿದ್ದೆ. ಯಾಕೇಂದ್ರೆ ತುಂಬಿದ ಬೋಗುಣೀನ ತಾನೇ ತಲೆ ಮೇಲೆ ಇಟ್ಕೊಳ್ಳೋ ಹೆಂಗಸು ಇನ್ನೂ ಹುಟ್ಟಿಲ್ಲ."

ಈ ಮಂಡಿಯ ಕಟ್ಟಳೆ ಹುಟ್ಟಿದ್ದು ಅಲ್ಲಿಂದ. ಬೆಳಿಗ್ಗೆ ಸಮಾತಾ ಯಾರಿಗೆ "ಇವತ್ತು ಕೂತ್ಕೋ" ಎನ್ನುತ್ತಾರೋ ಅವಳಿಗೆ ಆ ದಿನ ಯಾರೂ ಹೊರಿಸುವಂತಿಲ್ಲ. ಅವಳ ಊಟ, ಮಲಗುವ ಜಾಗದ ಬಾಡಿಗೆ ಉಳಿದವರದು. ಬೆರಳು ಜೋಮು ಹಿಡಿದವಳ ಕುತ್ತಿಗೆಯನ್ನು ಸಮಾತಾ ಮುಟ್ಟುವುದೂ ಇಲ್ಲ, ನೇರವಾಗಿ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ. ಅದನ್ನು ಹೇಳಿಕೊಟ್ಟವರು ಅಲ್ಲಿನ ನರ್ಸ್.

ಮೊದಮೊದಲು ಹೆಂಗಸರು ಮುನಿಸಿಕೊಂಡರು, ಅತ್ತರು, ಬೇರೆ ಮಾರುಕಟ್ಟೆಗೂ ಹೋದರು. ಹೋದವರಲ್ಲಿ ಹಲವರು ಮರಳಿದ್ದಾರೆ. ಹೋದ ವರ್ಷ ವ್ಯಾಪಾರಿಗಳು ಕೂಲಿ ಇಳಿಸಲು ಹೊರಟಾಗ ಇಲ್ಲಿ ಸಭೆ ನಡೆಯಲಿಲ್ಲ, ಘೋಷಣೆ ಕೇಳಲಿಲ್ಲ. ಯಾರೂ ಯಾರಿಗೂ ಹೊರಿಸಲಿಲ್ಲ, ಅಷ್ಟೆ. ಮಧ್ಯಾಹ್ನದ ಬಿಸಿಲಿಗೆ ಗೆಡ್ಡೆ ಬಾಡತೊಡಗಿತು. ಕೂಲಿ ಇಳಿಯಲಿಲ್ಲ.

ಹಬ್ಬದ ವಾರ ಮಾತ್ರ ಕಟ್ಟಳೆಗೆ ಕಷ್ಟ. ಊರಿಗೆ ಹೋಗುವವರ ಖರೀದಿ ಜೋರು, ಕೂಲಿಯೂ ಹೆಚ್ಚು. ಇಂದು ಸಾಲಿನ ನಡುವೆ ವುಂಪಿನಿ ಇದ್ದಾಳೆ. ಇಪ್ಪತ್ತು ದಾಟಿದ ಹುಡುಗಿ, ಮದುವೆಗೆ ಪಾತ್ರೆ, ಬಟ್ಟೆ ಒಟ್ಟುಮಾಡಲು ಬಂದವಳು. ಹಬ್ಬ ಕಳೆದರೆ ಹೊರಡುತ್ತಾಳೆ. ಸಿಂಬಿ ಸುತ್ತುತ್ತಿದ್ದಾಳೆ, ಬಟ್ಟೆ ಬಲಗೈಯಿಂದ ಜಾರುತ್ತದೆ. ಮತ್ತೆ ಸುತ್ತುತ್ತಾಳೆ, ಮತ್ತೆ ಜಾರುತ್ತದೆ.

ಸಮಾತಾ ಅವಳ ತೋರುಬೆರಳನ್ನು ಉಗುರಿನಿಂದ ಚಿವುಟುತ್ತಾರೆ. ವುಂಪಿನಿ ಕೈ ಎಳೆದುಕೊಳ್ಳುವುದಿಲ್ಲ.

"ಎಷ್ಟು ದಿನದಿಂದ?"

"ರಾತ್ರಿ ಕೈ ಮೇಲೆ ಮಲಗಿದ್ದೆ ಅವ್ವ, ಅದಕ್ಕೇ."

"ಕೂತ್ಕೋ ಇವತ್ತು. ಗಂಜಿ ಕುಡ್ದು ನರ್ಸ್ ಹತ್ರ ಹೋಗು."

"ಇನ್ನು ಮೂರೇ ದಿನ ಇರೋದು! ಆಮೇಲೆ ಜನ್ಮ ಪೂರ್ತಿ ಕೂತ್ಕೋತೀನಿ."

"ಆ ಕೈ ಹೋದ್ರೆ ಹಾಗೇ ಆಗುತ್ತೆ," ಎಂದು ಸಮಾತಾ ಮುಂದಿನ ಕುತ್ತಿಗೆಗೆ ಸರಿಯುತ್ತಾರೆ.

ಬಿಸಿಲೇರುವ ಹೊತ್ತಿಗೆ ವುಂಪಿನಿ ಕೊರ್ಕೋರ್ ಆಂಟಿಯ ಅಂಗಡಿಯ ಮುಂದೆ ನಿಂತಿದ್ದಾಳೆ. ಮಂಡಿಯ ದೊಡ್ಡ ವ್ಯಾಪಾರಿಗಳಲ್ಲಿ ಕೊರ್ಕೋರ್ ಒಬ್ಬರು. ಬೋಗುಣಿ ತುಂಬಿದೆ. ವುಂಪಿನಿ ಎದುರಿಗೆ ಬಂದವರನ್ನೆಲ್ಲ ಕರೆಯುತ್ತಾಳೆ. ಒಬ್ಬಳು ಸೊಂಟ ಹಿಡಿದು ನಿಲ್ಲುತ್ತಾಳೆ, ಇನ್ನೊಬ್ಬಳು ಆಕಾಶ ನೋಡುತ್ತಾಳೆ.

"ಏನ್ರೇ, ಎಲ್ಲರ ಕೈಗೂ ಲಕ್ವ ಹೊಡೀತಾ?" ಕೊರ್ಕೋರ್ ಕೂಗುತ್ತಾರೆ. "ಗಿರಾಕಿ ಬಸ್ ಹತ್ರ ಕಾಯ್ತಾ ಇದಾನೆ!"

"ನೀವೂ ಬಲವಾಗೇ ಇದೀರಲ್ಲ ಆಂಟಿ, ನೀವೇ ಹೊತ್ಕೊಂಡ್ ಹೋಗಿ," ಎಂದು ಗುಂಪಿನಿಂದ ಯಾರೋ ಅನ್ನುತ್ತಾರೆ.

"ನಾನು ಹೊತ್ರೆ ನೀನು ಅಂಗಡೀಲಿ ಕೂತ್ಕೋತೀಯಾ?"

"ಓಹೋ, ಈಗಲೇ ಕೂತ್ಕೋತೀನಿ!"

ನಗು ಏಳುತ್ತದೆ. ಕೊರ್ಕೋರ್ ಕೂಡ ನಗು ತಡೆಯಲಾರದೆ ಮುಖ ತಿರುಗಿಸುತ್ತಾರೆ. ಅಷ್ಟರಲ್ಲಿ ತೆಳ್ಳಗಿನ ಹುಡುಗಿಯೊಬ್ಬಳು ಮುಂದೆ ಬಂದು, "ಬಾ ಅಕ್ಕ," ಎಂದು ಬೋಗುಣಿಯ ಅಂಚು ಹಿಡಿಯುತ್ತಾಳೆ. ಹೆಸರು ತಿಯುಂಬಾ. ನಿನ್ನೆ ರಾತ್ರಿ ಗೆಡ್ಡೆ ಲಾರಿಯಲ್ಲೇ ಊರಿನಿಂದ ಇಳಿದವಳು, ಇಲ್ಲಿನ ಕಟ್ಟಳೆ ತಿಳಿಯದವಳು. ಹತ್ತು ಜನ ಸುಮ್ಮನೆ ನಿಂತು ನೋಡುವುದನ್ನು ಕಂಡು ಅವಳಿಗೆ ನಾಚಿಕೆಯಾಗಿದೆ. ಇನ್ನೊಂದು ಅಂಚಿಗೆ ಕೊರ್ಕೋರ್ ಕೈ ಕೊಡುತ್ತಾರೆ. ಉಳಿದವರು ಬೇಡ ಬೇಡ ಎನ್ನುವಷ್ಟರಲ್ಲಿ ಬೋಗುಣಿ ವುಂಪಿನಿಯ ತಲೆ ಸೇರಿದೆ.

ಯಾರೋ ಸಮಾತಾರನ್ನು ಕೂಗುತ್ತಾರೆ. ಅವರು ಬರುವಾಗ ವುಂಪಿನಿ ಬಸ್ಸಿನ ದಾರಿ ಹಿಡಿದಿದ್ದಾಳೆ. ತಳ್ಳುಗಾಡಿಗಳ ನಡುವೆ ನುಸುಳಿ ಸಮಾತಾ ಅವಳ ಪಕ್ಕಕ್ಕೆ ಬರುತ್ತಾರೆ. ಅಡ್ಡ ನಿಲ್ಲುವುದಿಲ್ಲ, ಹೊತ್ತವಳು ತಟ್ಟನೆ ನಿಂತರೆ ಭಾರವೆಲ್ಲ ಕುತ್ತಿಗೆಗೆ. ಜೊತೆಗೇ ಹೆಜ್ಜೆ ಹಾಕುತ್ತಾರೆ.

"ಬಯ್ಯಕ್ಕೆ ಬಂದ್ಯಾ ಅವ್ವ? ಬಸ್ ಹತ್ರ ಬಯ್ಯಿ. ಈಗ ಉಸಿರಿಲ್ಲ."

"ಬಯ್ಯಲ್ಲ. ಒಂದು ಮಾತು ಕೇಳ್ತೀನಿ. ನಿನ್ನ ಬಲಗೈ ಎಲ್ಲಿದೆ?"

"ಎಲ್ಲಿರುತ್ತೆ? ಬೋಗುಣಿ ಹಿಡ್ಕೊಂಡಿದೆ."

ಬಲಗೈ ಪಕ್ಕದಲ್ಲಿ ಜೋತುಬಿದ್ದಿದೆ. ತಲೆಯ ಮೇಲೆ ಹೊರೆ ಇರುವವಳು ಬಗ್ಗಿ ನೋಡುವಂತಿಲ್ಲ. ನಾಲ್ಕು ಹೆಜ್ಜೆಯಾದ ಮೇಲೆ ವುಂಪಿನಿ ಎಡಗೈಯನ್ನು ಬೋಗುಣಿಯ ಅಂಚಿನುದ್ದಕ್ಕೂ ಬಲಕ್ಕೆ ಸರಿಸುತ್ತಾಳೆ. ತಡವುತ್ತಾಳೆ. ಅಲ್ಲಿ ಕೈ ಇಲ್ಲ.

ಅವಳ ನಡಿಗೆ ನಿಧಾನವಾಗುತ್ತದೆ, ನಿಲ್ಲುತ್ತದೆ.

"ಇಳ್ಸು ಅವ್ವ," ಎನ್ನುತ್ತಾಳೆ. "ಬೇಗ ಇಳ್ಸು."

ಸಮಾತಾ ಒಂದು ಕಡೆ, ಹಿಂದೆಯೇ ಓಡಿ ಬಂದ ತಿಯುಂಬಾ ಇನ್ನೊಂದು ಕಡೆ ಹಿಡಿದು ಬೋಗುಣಿಯನ್ನು ನೆಲಕ್ಕಿಳಿಸುತ್ತಾರೆ. ತಿಯುಂಬಾ ಅಳುತ್ತಿದ್ದಾಳೆ. "ನಾನು ಒಳ್ಳೇದಕ್ಕೇ ಮಾಡ್ದೆ ಅವ್ವ, ಆಣೆಗೂ."

"ಗೊತ್ತು ಮಗಳೇ. ನಿಮ್ಮಮ್ಮ ಚೆನ್ನಾಗೇ ಕಲಿಸಿದಾಳೆ. ಊರಲ್ಲಿ ಅದು ಸರಿ, ಇಲ್ಲಿ ಮೊದ್ಲು ಕೇಳ್ಬೇಕು. ಈಗ ಇವಳನ್ನ ನರ್ಸ್ ಹತ್ರ ಕರ್ಕೊಂಡು ಹೋಗು, ದಾರಿ ತೋರಿಸ್ತೀನಿ."

ಆ ಬೋಗುಣಿಯ ಗೆಡ್ಡೆಯನ್ನು ಬೇರೆ ಇಬ್ಬರು ಹಂಚಿಕೊಂಡು ಬಸ್ಸಿಗೆ ಮುಟ್ಟಿಸುತ್ತಾರೆ. ಕೊರ್ಕೋರ್ ಇಬ್ಬರಿಗೂ ಕೂಲಿ ಕೊಡುತ್ತಾರೆ, ಗೊಣಗಿಕೊಂಡೇ.

ನರ್ಸ್ ಹೇಳಿದ್ದು ಇಷ್ಟು: ಕುತ್ತಿಗೆಯಲ್ಲಿ ನರ ಒತ್ತಿಕೊಂಡಿದೆ, ತಡ ಮಾಡಿದ್ದರೆ ಕಷ್ಟವಿತ್ತು, ಹೊರೆ ಮುಟ್ಟದೆ ಇದ್ದರೆ ಕೈ ಸರಿಹೋಗಬಹುದು. ವುಂಪಿನಿ ಹಬ್ಬದ ದಿನವೂ ಜಗಲಿಯ ಮೇಲೆ ಕುತ್ತಿಗೆಪಟ್ಟಿ ಕಟ್ಟಿಕೊಂಡು ಕೂತಳು. ಹಬ್ಬ ಕಳೆದು ಎರಡು ವಾರವಾದರೂ ಊರಿಗೆ ಹೋಗಿಲ್ಲ. ಮದುವೆ ಮುಂದಕ್ಕೆ ಹೋಗಿದೆ. ದಿನಾ ಯಾರಾದರೊಬ್ಬರು ಅವಳಿಗೆ ಅಲಸಂದೆ ಅನ್ನ ತಂದುಕೊಡುತ್ತಾರೆ. ಅವಳು ತಿನ್ನುತ್ತಾಳೆ, ಉಪ್ಪು ಕಡಿಮೆ ಎನ್ನುತ್ತಾಳೆ.

ಸಮಾತಾರ ಆಸೆ ದೊಡ್ಡದೇನಲ್ಲ. ಜಗಲಿಗೊಂದು ತಗಡಿನ ಮಾಡು ಬೇಕು, ಮಳೆ ಬಂದರೆ ಬೆಣ್ಣೆ ಕೈಗೆ ಹತ್ತುವುದಿಲ್ಲ. ಮಂಡಿಯವರನ್ನು ಕೇಳಿದ್ದಾರೆ. ನೋಡೋಣ ಎಂದಿದ್ದಾರಂತೆ.

ಸಮಾತಾ ಇದನ್ನು ಹೇಳುತ್ತಿರುವಾಗಲೇ ಜಗಲಿಯ ಆ ತುದಿಯಿಂದ ವುಂಪಿನಿಯ ದನಿ ಏರುತ್ತದೆ. "ಈ ಮುದುಕಿಯಿಂದ ನನ್ನ ಮದುವೆ ಹಾಳಾಯ್ತು! ಪಾತ್ರೆ ಇಲ್ಲ, ಪಡಗ ಇಲ್ಲ, ಬರಿಗೈಲಿ ಹೋಗ್ಬೇಕಾ ನಾನು?" ಸುತ್ತ ಇದ್ದವರು ಸಮಾಧಾನ ಮಾಡಲು ನೋಡುತ್ತಾರೆ. ಅವಳು ಕೇಳುವುದಿಲ್ಲ.

ಸಮಾತಾ ಇಡೀ ಮೈ ತಿರುಗಿಸಿ ಅತ್ತ ನೋಡುತ್ತಾರೆ.

"ಬಯ್ಲಿ ಬಿಡಿ," ಎನ್ನುತ್ತಾರೆ. "ಯಾವ ಕೈ ಬೀಸ್ಕೊಂಡು ಬಯ್ತಾ ಇದಾಳೆ ನೋಡಿ. ಬಲಗೈ."