ಪೋಸ್ಟಮ್ಮ ಮತ್ತು ಮುಚ್ಚಿದ ಓಣಿ

ಲಿಯೋನ್ ನಗರದ ಕ್ರುವಾ-ರೂಸ್ ಬೆಟ್ಟದ ಇಳಿಜಾರಿನಲ್ಲಿ ಸೊಲಾಂಜ್ ಗೊನಾರ್ ಮೂವತ್ತಾರು ವರ್ಷ ಕಾಗದ ಹಂಚಿದಳು. ಗಾಡಿ ಹತ್ತದ ಕಡೆ ಕಾಲೇ ಗತಿ, ಹಾಗಾಗಿ ಅಷ್ಟೂ ವರ್ಷ ನಡೆದೇ ಹಂಚಿದಳು. ನಿವೃತ್ತಿಯ ದಿನ ಕಚೇರಿಯವರು ಹೂಗುಚ್ಛ ಕೊಟ್ಟು ಕೀಲಿ ಇಸಿದುಕೊಂಡರು. ಬೆಟ್ಟದ ಅರ್ಧಕ್ಕರ್ಧ ಬೀದಿಬಾಗಿಲುಗಳನ್ನು ತೆರೆಯುತ್ತಿದ್ದ ಕೀಲಿ ಅದು. ಹೂವು ಬಾಡುವ ಮೊದಲೇ, ಮೂರನೆಯ ಬೆಳಿಗ್ಗೆ, ಆಕೆ ಚೀಲವಿಲ್ಲದೆ ಅದೇ ಹಾದಿ ಹಿಡಿದು ಹೊರಟಳು. ಬೇಕರಿಯವನು ನಕ್ಕ. ನಗಲಿ ಬಿಡಿ, ಮನೆಯಲ್ಲಿ ಕೂತಿದ್ದರೆ ಆಕೆಗೆ ಹುಚ್ಚು ಹಿಡಿಯುತ್ತಿತ್ತು.

ಆಕೆಯ ತಾಯಿ ಬೆಟ್ಟದ ಕೊನೆಯ ರೇಷ್ಮೆ ನೇಕಾರರಲ್ಲಿ ಒಬ್ಬಳು. ಎತ್ತರದ ಮಾಡಿನ ಒಂದೇ ಕೋಣೆ, ಅದರೊಳಗೊಂದು ಮಗ್ಗ, ಮಗ್ಗದ ಮುಂದೆ ನಲವತ್ತು ವರ್ಷ ಅವಳು. ಊರಿನ ಎರಡು ನದಿಗಳಲ್ಲಿ ಸೋನ್ ಅನ್ನು ಮದುವೆಯ ದಿನ ದಾಟಿದವಳು, ರೋನ್ ಅನ್ನು ಕೊನೆಗೆ ಆಸ್ಪತ್ರೆಗೆ ಹೋಗುವಾಗ ದಾಟಿದಳು, ಅಷ್ಟೆ. ಮಗಳು ಇದನ್ನು ಕಂಡೇ ಬೆಳೆದದ್ದು. ಇಪ್ಪತ್ತೊಂದಕ್ಕೆ ಅಂಚೆ ಸೇರಿದವಳು ಮತ್ತೆ ನಿಲ್ಲಲಿಲ್ಲ. ರೆಜಿಸ್ ಎಂಬ ಸಾಧು ಮನುಷ್ಯನನ್ನು ಮದುವೆಯಾಗಿದ್ದಳು. ಅವನು ಹನ್ನೊಂದು ವರ್ಷ ತಣ್ಣಗಾದ ಬೇಳೆ ಸಾರು ಉಂಡು, ಊಟದ ಮೇಜಿನ ಹತ್ತಿರ ಒಂದು ಗಳಿಗೆ ಕೂರುವ ಹೆಂಗಸು ಬೇಕು ಎಂದು ಹೇಳಿಯೇ ಬಿಟ್ಟುಹೋದ. ಅವನದು ತಪ್ಪು ಎಂದು ಆಕೆ ಯಾವತ್ತೂ ಅನ್ನಲಿಲ್ಲ.

ನಮ್ಮ ಬೆಟ್ಟದಲ್ಲಿ ಬೀದಿಯಿಂದ ಬೀದಿಗೆ ಮನೆಗಳ ಹೊಟ್ಟೆಯೊಳಗಿಂದಲೇ ದಾರಿ. ಮೇಲಿನ ಬೀದಿಯ ಬಾಗಿಲು ಹೊಕ್ಕರೆ ಮೊಗಸಾಲೆ, ಆಮೇಲೆ ಅಂಗಳ, ಆಮೇಲೆ ಮೆಟ್ಟಿಲು, ಇಳಿದು ಹೊರಬಿದ್ದರೆ ಕೆಳಗಿನ ಬೀದಿ. ಇಂಥ ಓಣಿಗೆ ತ್ರಾಬೂಲ್ ಅನ್ನುತ್ತಾರೆ. ಮಳೆಗೆ ರೇಷ್ಮೆ ನೆನೆಯದಂತೆ ನೇಕಾರರು ಹೊತ್ತು ಇಳಿಯುತ್ತಿದ್ದ ದಾರಿ. ಈಗ ಅಲ್ಲಿ ನೋಡಲು ಬರುವವರೇ ಹೆಚ್ಚು. ನಗರಸಭೆ ಕಸ ಗುಡಿಸಿ ದೀಪ ಹಾಕುತ್ತದೆ, ಅದಕ್ಕೆ ಪ್ರತಿಯಾಗಿ ಮನೆಯವರು ಹಗಲು ಹೊತ್ತು ಬಾಗಿಲು ತೆರೆದಿಡಬೇಕು, ದಾಟುವವರು ದನಿ ತಗ್ಗಿಸಬೇಕು. ಒಪ್ಪಂದವೇನೋ ಚೆಂದ. ಆದರೆ ನಾವು ಬೆಟ್ಟದವರು ದನಿ ತಗ್ಗಿಸುವ ಜನವಲ್ಲ. ಐದು ಮಹಡಿ ಹತ್ತುವುದಕ್ಕಿಂತ ಅಂಗಳದಲ್ಲಿ ನಿಂತು ಕೂಗುವುದು ಸುಲಭ ಎಂದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮೂವತ್ತಾರು ವರ್ಷ ಹೀಗೆ ಅಂಗಳದಿಂದ ಹೆಸರು ಹಿಡಿದು ಕೂಗಿದ ಸೊಲಾಂಜಳ ಗಂಟಲಂತೂ ಗಂಟೆಯೇ ಆಗಿತ್ತು.

ಕಾಗದವಿಲ್ಲದ ನಡಿಗೆಗೆ ಒಂದು ನೆಪ ಬೇಕಿತ್ತು. ಪ್ರವಾಸಿಗಳಿಗೆ ಊರು ತೋರಿಸುವ ಸಂಘವೊಂದಕ್ಕೆ ಆಕೆ ಹೆಸರು ಕೊಟ್ಟಳು. ಅಂದಿನಿಂದ ಎಂಟು ವರ್ಷ, ದಿನಾ ಬೆಳಿಗ್ಗೆ ಹನ್ನೊಂದಕ್ಕೊಮ್ಮೆ ಮಧ್ಯಾಹ್ನ ಮೂರಕ್ಕೊಮ್ಮೆ, ಹತ್ತಿಪ್ಪತ್ತು ಜನರನ್ನು ಹಿಂದೆ ಹಾಕಿಕೊಂಡು ಬೆಟ್ಟದಿಂದ ಹಳೆ ಊರಿನವರೆಗೆ ನಡೆದಳು. ತನ್ನದೇ ಕಟ್ಟಡದ ಓಣಿ ಆ ನಡಿಗೆಯ ಮುಕುಟ. ಅಂಗಳದ ನಡುವಿನ ಕಟ್ಟೆಯ ಮೇಲೆ ನಿಂತು ತಾಯಿಯ ಮಗ್ಗದ ಕತೆ ಹೇಳುವಳು, ಕೊನೆಗೆ "ಇಲ್ಲಿಂದ ನೂರಾ ಹನ್ನೆರಡು ಮೆಟ್ಟಿಲು!" ಎಂದು ಘೋಷಿಸಿ ಇಳಿಯುವಳು. ಆ ಕಟ್ಟೆಯ ಪಕ್ಕದಲ್ಲೇ, ಭುಜದೆತ್ತರಕ್ಕೆ, ಎದ್ವಿಜ್ ಪೆರಾಶೋಂ ಮನೆಯ ಕಿಟಕಿ.

ಎದ್ವಿಜ್ ಇಪ್ಪತ್ತು ವರ್ಷದ ನೆರೆಯವಳು, ಮಾತಿನಲ್ಲಿ ಜಿಪುಣಿ. ಅವಳ ಗಂಡ ಅನ್ಸೆಲ್ಮ್ ಗಾರೆ ಕೆಲಸದವನು. ಬೆಟ್ಟದ ಮೆಟ್ಟಿಲುಸಾಲುಗಳಿಗೆಲ್ಲ ಒಂದಲ್ಲ ಒಂದು ಸಲ ಸುಣ್ಣ ಬಳಿದವನು. ಆ ಧೂಳೇ ಎದೆಯಲ್ಲಿ ಕೂತು, ನಡಿಗೆಯ ಎಂಟನೆಯ ವರ್ಷದ ಜುಲೈಯಲ್ಲಿ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಎದ್ವಿಜ್ ಕಟ್ಟಡದ ಸಭೆಗೆ ಒಂದು ಅರ್ಜಿ ಹಾಕಿದಳು. ನಗರಸಭೆಯ ಒಪ್ಪಂದ ಬಿಟ್ಟು ಓಣಿಯ ಎರಡೂ ಬಾಗಿಲಿಗೆ ಬೀಗ ಬೀಳಬೇಕು, ಮನೆಯವರ ಹೊರತು ಯಾರೂ ದಾಟಕೂಡದು.

ಸೊಲಾಂಜಳಿಗೆ ಕಾಲು ಕತ್ತರಿಸಿದಂತಾಯಿತು. ನೇರ ಎದ್ವಿಜಳ ಬಾಗಿಲಿಗೇ ಹೋಗಿ, ಒಂದು ಮಾತು ನನಗೆ ಹೇಳಬಾರದಿತ್ತೇ ಎಂದು ಕೇಳಿದಳು.

"ಹೇಳೋದಕ್ಕೆ ನೀನು ಎಲ್ಲಿ ನಿಲ್ತೀಯ?" ಎಂದಳು ಎದ್ವಿಜ್. "ಕಾಲಿಗೆ ಚಕ್ರ ಕಟ್ಕೊಂಡಿದೀಯ. ನನ್ನ ಗಂಡ ಮಲಗಬೇಕು ಕಣೇ. ಅಷ್ಟೆ."

ಬಾಗಿಲು ಮುಚ್ಚಿತು, ಮಾತೂ ನಿಂತಿತು. ಕಟ್ಟಡದಲ್ಲಿ ಒಂಬತ್ತು ಮನೆ. ನಾಲ್ಕು ಮನೆಯವರು ಮುಚ್ಚಬೇಕು ಅಂದರು, ಉಳಿದ ನಾಲ್ಕು ಮನೆಯವರನ್ನು ಸೊಲಾಂಜ್ ಒಂದು ವಾರ ಮೆಟ್ಟಿಲು ಹತ್ತಿ ಇಳಿದು ಓಣಿ ತೆರೆದಿರಲಿ ಎಂದು ಒಪ್ಪಿಸಿದಳು. ಎರಡನೆಯ ಮಹಡಿಯ ತೆವೆನೆ, ಕಟ್ಟಡದ ಸಭೆಗಳನ್ನು ನಡೆಸುವ ಮುದುಕ, ಆಕೆಯ ಕಾಟ ತಾಳಲಾರದೆ ಒಪ್ಪಿದವನು. ಒಂಬತ್ತನೆಯ ಮನೆ ಅವಳದೇ. ಅವಳು ಕೈ ಎತ್ತಿದರೆ ಓಣಿ ಉಳಿಯುತ್ತಿತ್ತು.

ಸಭೆ ಅಕ್ಟೋಬರಿನ ಒಂದು ಗುರುವಾರ ಸಂಜೆ ಆರಕ್ಕೆ. ಮನೆಯಲ್ಲಿದ್ದು ಭಾಷಣ ಒಪ್ಪಿಸಿಕೊಂಡರೆ ಆಗುತ್ತಿತ್ತು, ಆದರೆ ಕಾಲು ಕೇಳಬೇಕಲ್ಲ. ನಾಲ್ಕಕ್ಕೆ ಹೊರಟಳು. ಸೋನ್ ದಾಟಿ, ಆಚೆ ದಡದ ಫುರ್ವಿಯೇರ್ ಬೆಟ್ಟ ಏರಿ, ಹಳೆ ಊರಿನ ಸೇಂಟ್-ಜಾನ್ ಓಣಿಗಳಲ್ಲಿ ಸುತ್ತು ಹಾಕಿ ಮತ್ತೆ ತನ್ನ ಬೆಟ್ಟದ ಬುಡದ ತೆರೋ ಚೌಕಕ್ಕೆ ಬರುವಷ್ಟರಲ್ಲಿ ಐದೂವರೆ. ಫೋನು ಎಂದಿನಂತೆ ಅಡುಗೆಮನೆಯಲ್ಲಿತ್ತು. ಬೀದಿ ಬಳಸಿ ಹತ್ತಿದ್ದರೂ ಐದು ಮುಕ್ಕಾಲಿಗೆ ಮನೆ ಮುಟ್ಟುತ್ತಿದ್ದಳು. ಆದರೆ ಅರ್ಧ ಏರಿನಲ್ಲಿ ಒಂದು ಕಟ್ಟಡದ ಬಾಗಿಲು ತೆರೆದಿತ್ತು. ಸಾಮಾನು ಸಾಗಿಸುವವರು ಅದಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸಿದ್ದರು. ಬೆಟ್ಟದವರಿಗೆ ತೆರೆದ ಬಾಗಿಲು ಕಂಡರೆ ಕಾಲು ತಾನಾಗಿ ಒಳಗೆ ತಿರುಗುತ್ತದೆ, ಕೇಳುವ ಪ್ರಶ್ನೆಯೇ ಇಲ್ಲ. ಆ ಓಣಿಯಲ್ಲಿ ಆಕೆ ಸಾವಿರಾರು ಸಲ ಕಾಗದ ಹಂಚಿದ್ದಳು. ಹೊಕ್ಕಳು. ಅಂಗಳ ದಾಟಿ ಮೇಲಿನ ಮೆಟ್ಟಿಲಿಗೆ ಬಂದರೆ ಎದುರಿಗೆ ಹೊಸ ಕಬ್ಬಿಣದ ಗೇಟು, ಬೀಗ ಹಾಕಿದ್ದು. ತಿರುಗಿ ಕೆಳಗೆ ಬಂದಾಗ ಮರದ ತುಂಡೂ ಇಲ್ಲ, ಸಾಗಿಸುವವರೂ ಇಲ್ಲ, ಬಾಗಿಲು ಮುಚ್ಚಿಕೊಂಡಿತ್ತು. ಒಳಗಿನಿಂದ ತೆರೆಯುವ ಗುಂಡಿ ಒತ್ತಿದಳು. ಮೆಟ್ಟಿಲಿನ ಕರೆಂಟು ಹೋಗಿತ್ತು, ಗುಂಡಿ ಸತ್ತಿತ್ತು. ಹಳೆಯ ಚಿಲಕವನ್ನು ಯಾರೋ ಯಾವತ್ತೋ ಕಿತ್ತು ಹಾಕಿದ್ದರು.

ಸೊಲಾಂಜ್ ಬಾಗಿಲು ಬಡಿದಳು. ಅಂಗಳಕ್ಕೆ ಬಂದು ಮೇಲೆ ಮುಖ ಮಾಡಿ ಕೂಗಿದಳು. ಮೂರನೆಯ ಮಹಡಿಯಲ್ಲಿ ಒಂದು ಕಿಟಕಿ ತೆರೆದು ಹೆಂಗಸೊಬ್ಬಳು ಇಣುಕಿದಳು.

"ನೋಡಿದ್ದಾಯ್ತಲ್ಲ, ಬಂದ ದಾರೀಲೇ ಹೋಗಿ."

"ನಾನು ನೋಡೋಕೆ ಬಂದೋಳಲ್ಲಮ್ಮ, ಈ ಬೆಟ್ಟದ ಪೋಸ್ಟಮ್ಮ!"

"ಪೋಸ್ಟು ಬೆಳಿಗ್ಗೆ ಬರುತ್ತೆ," ಎಂದು ಆಕೆ ಕಿಟಕಿ ಮುಚ್ಚಿಕೊಂಡಳು.

ನಗುವ ಹೊತ್ತಲ್ಲ ಅದು. ಚರ್ಚಿನ ಗಂಟೆ ಆರು ಹೊಡೆಯಿತು. ಸೊಲಾಂಜ್ ಅಂಗಳದ ಗೋಡೆಯಿಂದ ಗೋಡೆಗೆ ಬೋನಿನ ಪ್ರಾಣಿಯಂತೆ ತಿರುಗಿದಳು. ಎಂಟು ಹೆಜ್ಜೆ ಅತ್ತ, ಎಂಟು ಹೆಜ್ಜೆ ಇತ್ತ. ಕೊನೆಗೆ ಬೇರೆ ದಾರಿ ಕಾಣದೆ ಕಲ್ಲಿನ ಮೆಟ್ಟಿಲ ಮೇಲೆ ಕುಸಿದಳು. ಪಕ್ಕದಲ್ಲೇ ಒಂದು ಮುಚ್ಚಿದ ಕಿಟಕಿ. ಸದ್ದಿಲ್ಲದೆ ಕೂತದ್ದರಿಂದಲೇ ಇರಬೇಕು, ಒಳಗಿನ ಸದ್ದೆಲ್ಲ ಕೇಳತೊಡಗಿತು. ಯಾರೋ ಚಮಚ ಕೆಳಗಿಟ್ಟರು. ಯಾರೋ ನೀರು ಗುಟುಕರಿಸಿದರು. ಹಾಸಿಗೆಯ ಮೇಲೆ ಒಂದು ಮೈ ಮಗ್ಗುಲು ಬದಲಿಸಿ ನಿಟ್ಟುಸಿರು ಬಿಟ್ಟಿತು. ಗಾಜು, ಪರದೆ ಎರಡನ್ನೂ ದಾಟಿ ಆ ನಿಟ್ಟುಸಿರು ಕಿವಿಯಲ್ಲೇ ಬಿಟ್ಟ ಹಾಗಿತ್ತು.

ಮತ್ತೊಬ್ಬರ ನಿಟ್ಟುಸಿರು ಇಷ್ಟು ಕೇಳಿದರೆ ತನ್ನ ಗಂಟಲು ಎಷ್ಟು ಕೇಳಿರಬೇಕು ಎಂದು ಆಗ ಹೊಳೆಯಿತು ಆಕೆಗೆ. ದಿನಕ್ಕೆ ಎರಡು ಸಲ, ಎಂಟು ವರ್ಷ, ಅನ್ಸೆಲ್ಮನ ತಲೆದಿಂಬಿನ ಪಕ್ಕದಲ್ಲೇ ನಿಂತು ಮಗ್ಗದ ಸದ್ದನ್ನು ಬಾಯಲ್ಲಿ ಅನುಕರಿಸಿ, ಜನರನ್ನು ನಗಿಸಿ, ಚಪ್ಪಾಳೆ ಗಿಟ್ಟಿಸಿದ್ದಳು. ಜುಲೈಯಿಂದ ಅವನು ಆ ಗೋಡೆಯಾಚೆ ಉಸಿರಿಗೆ ಒದ್ದಾಡುತ್ತಿದ್ದಾಗಲೂ ಚಪ್ಪಾಳೆ ಗಿಟ್ಟಿಸಿದ್ದಳು. ಸೊಲಾಂಜಳಿಗೆ ನಾಚಿಕೆಯಾಯಿತು. ಮುಖವೆಲ್ಲ ಬಿಸಿಯಾಗುವಂಥ, ಯಾರೂ ನೋಡದಿದ್ದರೂ ತಲೆ ತಗ್ಗಿಸುವಂಥ ನಾಚಿಕೆ.

ಆರೂವರೆಗೆ ಕೆಲಸದಿಂದ ಬಂದ ಬಾಡಿಗೆದಾರನೊಬ್ಬ ಹೊರಗಿನಿಂದ ಕೀಲಿ ಹಾಕಿ ಬಾಗಿಲು ತೆರೆದ. ಆಕೆ ಅವನನ್ನು ತಳ್ಳಿಕೊಂಡೇ ಹೊರಗೆ ಹಾರಿದಳು.

ಸಭೆಯವರು ಅಷ್ಟು ಹೊತ್ತೂ ಸೋರುವ ಕೊಳವೆಯ ಬಗ್ಗೆ ಜಗಳವಾಡುತ್ತಿದ್ದರು, ಓಣಿಯ ವಿಷಯ ಕೊನೆಯದು. ತೆವೆನೆ ಆಕೆಯನ್ನು ಕಂಡು ನಿರಾಳನಾಗಿ ವಿಷಯ ಎತ್ತಿಕೊಂಡ. ಮುಚ್ಚಬೇಕು ಎನ್ನುವವರು ಕೈ ಎತ್ತಿ ಎಂದ. ನಾಲ್ಕು ಕೈ ಎದ್ದವು. ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತಿದ್ದ ಸೊಲಾಂಜ್ ಐದನೆಯ ಕೈ ಎತ್ತಿದಳು.

"ಮುಚ್ಚೋರು ಅಂದೆ ನಾನು," ಎಂದ ತೆವೆನೆ.

"ಗೊತ್ತು. ಕಿವಿ ನೆಟ್ಟಗಿದೆ."

"ಒಂದು ವಾರ ನಮ್ಮ ತಲೆ ತಿಂದ್ಯಲ್ಲ ತಾಯಿ, ಇದಕ್ಕೇನಾ?"

ಆಕೆ ಎತ್ತಿದ ಕೈ ಇಳಿಸಲಿಲ್ಲ. ಎದ್ವಿಜ್ ನೆಲ ನೋಡುತ್ತಿದ್ದಳು, ತಲೆ ಎತ್ತಲಿಲ್ಲ. ಸೋಮವಾರ ಬೀಗದವನು ಬಂದ.

ಆಮೇಲಿನ ಎರಡು ವಾರ ಸೊಲಾಂಜ್ ಜನರನ್ನು ಗ್ರಾಂಡ್-ಕೋತ್ ಏರಿನ ಬಯಲು ಬೀದಿಯಲ್ಲಿ ಇಳಿಸಿಕೊಂಡು ಹೋದಳು. ಹೇಳುವ ಮಾತು ಅದೇ, ಆದರೆ ಬಯಲಿನಲ್ಲಿ ಅದು ಎಲ್ಲಿಗೂ ತಾಗುತ್ತಿರಲಿಲ್ಲ. ತಾಯಿಯ ಕತೆಯನ್ನು ಅರ್ಧಕ್ಕೇ ಬಿಟ್ಟುಬಿಡುವಳು. ಸಂಜೆ ಮನೆಗೆ ಬಂದರೆ ಮತ್ತೆ ಹೊರಡುವಳು, ಹೊರಟರೆ ಎಲ್ಲಿಗೆ ಎಂದು ತಿಳಿಯದೆ ಸೇತುವೆಯ ನಡುವಿನಿಂದ ಹಿಂದಿರುಗುವಳು. ಒಳ್ಳೆಯದು ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡರೂ ಒಳಗಿನ ಕುದಿತ ಆರಲಿಲ್ಲ.

ಮೂರನೆಯ ಮಂಗಳವಾರ, ನಡಿಗೆಗೆ ಯಾರೂ ಬಾರದ ದಿನ, ಹನ್ನೊಂದರ ಸುಮಾರಿಗೆ, ಯಾರೋ ಬಾಗಿಲು ತಟ್ಟಿದರು. ನೋಡಿದರೆ ಎದ್ವಿಜ್, ಅಡುಗೆಯ ಏಪ್ರನ್ ಬಿಚ್ಚದೆ ಮೂರು ಮಹಡಿ ಹತ್ತಿ ಬಂದಿದ್ದಳು.

"ಒಂದ್ ನಿಮಿಷ ಕೆಳಗೆ ಬಾ. ಅವರು ಕೇಳ್ತಾ ಇದಾರೆ."

"ಯಾರು?"

"ಇನ್ಯಾರು, ನನ್ನ ಗಂಡ. ದಿನಾ ಹನ್ನೊಂದಕ್ಕೆ ಕಣ್ಣು ಬಿಟ್ಕೊಂಡು ಕಿಟಕಿ ಕಡೆ ನೋಡ್ತಾರೆ. ಪೋಸ್ಟಮ್ಮ ಯಾಕೆ ಬರ್ಲಿಲ್ಲ ಅಂತಾರೆ. ಹುಷಾರಿಲ್ಲ ಅಂದೆ. ನಿನ್ನೆ, ಸತ್ತಳಾ ನಿಜ ಹೇಳು ಅಂದ್ರು." ಎದ್ವಿಜ್ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು. "ನಿದ್ದೆ ಕೆಡುತ್ತೆ ಅಂತ ನಾನೇ ಅಂದ್ಕೊಂಡೆ. ಅವರನ್ನ ಕೇಳ್ಲೇ ಇಲ್ಲ."

ಸೊಲಾಂಜಳಿಗೆ ಸಿಟ್ಟು ಬಂತು. ಎದ್ವಿಜಳ ಮೇಲೂ ಬಂತು, ತನ್ನ ಮೇಲೂ ಬಂತು. ಕೇಳದೆ ಮುಚ್ಚಿದವರು ಇಬ್ಬರೂ ಅಲ್ಲವೇ. ಮನೆಯೊಳಗಿನ ಚಪ್ಪಲಿಯಲ್ಲೇ ಇಳಿದಳು.

ಅನ್ಸೆಲ್ಮ್ ಕಿಟಕಿಯ ಪಕ್ಕ ಮೂರು ದಿಂಬಿಗೆ ಒರಗಿದ್ದ. ಎರಡು ಕೈಯಲ್ಲಿ ಏಣಿ ಹೊತ್ತು ತಿರುಗುತ್ತಿದ್ದ ಆಳು, ಹೊದಿಕೆಯ ಕೆಳಗೆ ಇದ್ದಾನೋ ಇಲ್ಲವೋ ಎನ್ನುವಷ್ಟಾಗಿದ್ದ. ಕಣ್ಣು ಮಾತ್ರ ಹಳೆಯವೇ.

"ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ನೂರಾ ಹನ್ನೆರಡು ಮೆಟ್ಟಿಲು ಅಂತಿದ್ದೆ ನೀನು. ಕಣ್ಣು ಮುಚ್ಕೊಂಡು ನಾನೂ ಇಳೀತಿದ್ದೆ ನಿಮ್ಮ ಹಿಂದೆ. ಬೀದಿ ದಾಟಿ, ಚೌಕ ದಾಟಿ. ಸೇತುವೆ ತನಕ ಹೋಗಿ ಬರ್ತಿದ್ದೆ. ಎರಡು ವಾರದಿಂದ ಇಲ್ಲೇ ಬಿದ್ದಿದೀನಿ."

ಕ್ಷಮಿಸು ಎನ್ನುವುದಕ್ಕೆ ಬಂದ ಸೊಲಾಂಜ್ ಅದನ್ನು ಅಲ್ಲೇ ಬಿಟ್ಟು, ಮಂಚದ ಅಂಚಿಗೆ ಕುರ್ಚಿ ಎಳೆದುಕೊಂಡಳು. ಎದ್ವಿಜ್ ಕಿಟಕಿಯ ಬಾಗಿಲು ಸ್ವಲ್ಪ ತೆರೆದಳು. ಅಂಗಳದಲ್ಲಿ ಯಾರೂ ಇರಲಿಲ್ಲ.

"ಏಳು ಹಾಗಾದ್ರೆ," ಎಂದಳು ಸೊಲಾಂಜ್. "ಕಟ್ಟೆಯಿಂದ ಇಳಿದ್ವಿ. ಬಲಗಡೆ ಗೋಡೆ ಹಿಡ್ಕೊ, ಕಲ್ಲು ಸವೆದಿದೆ. ಹತ್ತು. ಇಪ್ಪತ್ತು. ಇಲ್ಲಿ ಕಮಾನು, ಇದಾಯ್ತು, ಮುಂದೆ ಸಣ್ಣ ಅಂಗಳ, ಆಚೆ ಬಾವಿ, ಅದೂ ಆಯ್ತು, ಮತ್ತೆ ಮೆಟ್ಟಿಲು, ಐವತ್ತು, ಅರವತ್ತು."

ಅನ್ಸೆಲ್ಮ್ ಹೊದಿಕೆಯ ಮೇಲಿಂದ ಕೈ ಎತ್ತಿದ.

"ನಿಲ್ಲು, ಪೋಸ್ಟಮ್ಮ. ನಾನಿನ್ನೂ ಕಮಾನಿನ ಹತ್ರ ಇದೀನಿ. ಉಸಿರು ಬರ್ಲಿ."

ಸೊಲಾಂಜ್ ಅರವತ್ತನೆಯ ಮೆಟ್ಟಿಲ ಮೇಲೆ ನಿಂತು, ಅವನು ಬಂದು ಮುಟ್ಟುವವರೆಗೂ ಕಾದಳು.